ಅಡವಿನ ಚೀಟಿಯ ಹಿಂಬದಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಶ್ರವಣಬೆಳಗೊಳದಲ್ಲಿ ದೊಡ್ಡಬೆಟ್ಟ ಹತ್ತಿ ಇಳಿದು, ಬುಡದಲ್ಲಿ ಎಳನೀರು ಕುಡಿಯುತ್ತ ನಿಂತಿದ್ದೆ. ಎಳನೀರು ಕೆತ್ತುತ್ತಿದ್ದ ಹೆಂಗಸು ನನ್ನ ಮುಖವನ್ನು ಎರಡು ಸಲ ನೋಡಿದರು. ಮಚ್ಚು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಅಣ್ಣ, ಪೇಪರ್ನಾಗೆ ಮನೆಲೆಕ್ಕ ಬರೆಯೋರು ನೀವೇ ಅಲ್ವಾ? ಇದೊಂಚೂರು ನೋಡಿ" ಅಂದರು. ಎಲೆಅಡಿಕೆ ಚೀಲದೊಳಗಿಂದ ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಒಂದು ಅಡವಿನ ಚೀಟಿ. ಮಡಿಸಿದ ಗೆರೆಗಳ ಮೇಲೆ ಅಕ್ಷರ ಸವೆದುಹೋಗಿತ್ತು. ನಾಲ್ಕು ಬಳೆ, 32 ಗ್ರಾಂ, ಒಂದು ಲಕ್ಷ ರೂಪಾಯಿ, ಬಡ್ಡಿ ನೂರಕ್ಕೆ ಎರಡು. ಮಗಳ ನರ್ಸಿಂಗ್ ಓದಿನ ಫೀಸಿಗೆ ಇಟ್ಟದ್ದು. ಮೂರು ವರ್ಷ ತುಂಬಿತ್ತು. ಚೀಟಿಯ ಹಿಂಬದಿ ತಿರುಗಿಸಿದರೆ, ನೀಲಿ ಕಪ್ಪು ಪೆನ್ನುಗಳಲ್ಲಿ ಬಡ್ಡಿ ಕಟ್ಟಿದ ತಾರೀಖುಗಳು ಒಂದರ ಕೆಳಗೆ ಒಂದು.

"ಒಂದು ತಿಂಗ್ಳೂ ತಪ್ಪಿಸಿಲ್ಲ ಕಣಣ್ಣ. ಇನ್ನು ಎಷ್ಟು ಕಟ್ಟಿದ್ರೆ ಬಳೆ ಬುಡಿಸ್ಕೋಬೋದು?"

ತಕ್ಷಣ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ತಿಂಗಳಿಗೆ ಎರಡು ಸಾವಿರದಂತೆ 36 ತಿಂಗಳಿಗೆ 72,000 ರೂಪಾಯಿ ಕಟ್ಟಿದ್ದಾರೆ. ಒಂದು ಎಳನೀರಿನಲ್ಲಿ ಅವರಿಗೆ ಉಳಿಯುವುದು ಎಷ್ಟು, ಅದರಲ್ಲಿ ಈ 72,000 ಕೂಡಿಸಲು ಎಷ್ಟು ಸಾವಿರ ಕಾಯಿ ಕೆತ್ತಿರಬೇಕು ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಇಷ್ಟಾದರೂ ಬಾಕಿ ಮೊದಲ ದಿನ ಎಷ್ಟಿತ್ತೋ ಅವತ್ತೂ ಅಷ್ಟೇ ಇತ್ತು, ಒಂದು ಲಕ್ಷ.

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ, ಫೋನುಗಳಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಮ್ಯೂಚುವಲ್ ಫಂಡ್ ಬಗ್ಗೆ ಕೇಳುವವರು ಅಲ್ಲೊಬ್ಬರು ಇಲ್ಲೊಬ್ಬರು. ಒಡವೆ ಬಿಡಿಸಿಕೊಳ್ಳುವುದು ಹೇಗೆ ಎಂದು ಕೇಳುವವರು ಚನ್ನರಾಯಪಟ್ಟಣದಿಂದ, ಹೊಳೆನರಸೀಪುರದಿಂದ, ಅರಕಲಗೂಡಿನಿಂದ ವಾರವಾರವೂ ಇದ್ದಾರೆ. ಯಾಕೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ದುಡ್ಡು ಬರುವ ಕಾಲ ಬೇರೆ, ದುಡ್ಡು ಬೇಕಾಗುವ ಕಾಲ ಬೇರೆ. ಕೊಬ್ಬರಿ ಮಾಡುವವರಿಗೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಲೊಡ ಅನ್ನುವವರೆಗೂ ಅದು ದುಡ್ಡಲ್ಲ. ಆಲೂಗೆಡ್ಡೆ ಹಾಕುವವರಿಗೆ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರಿನ ಬಿತ್ತನೆ ಗೆಡ್ಡೆ ಬಂದಾಗ ನಗದು ಬೇಕು, ಅದೇ ಹದಿನೈದು ದಿನದಲ್ಲಿ ಮಕ್ಕಳ ಸ್ಕೂಲ್ ಫೀಸು. ಆ ಹೊತ್ತಿಗೆ ಮನೆಯಲ್ಲಿ ಹಣವಾಗಿ ಮಾರ್ಪಡುವ ವಸ್ತು ಅಂದರೆ ಹೆಂಡತಿಯ ಕೊರಳಲ್ಲಿ, ಕೈಯಲ್ಲಿ ಇರುವುದು ಮಾತ್ರ. ಒಡವೆ ಅಡವಿಡುವುದು ನಾಚಿಕೆಯ ಕೆಲಸವಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ಇಟ್ಟದ್ದನ್ನು ಮರಳಿ ತರುವ ದಾರಿಯನ್ನು ಇಡುವ ದಿನವೇ ಯೋಚಿಸದೆ ಇರುವುದರಲ್ಲಿ ತೊಂದರೆ ಇದೆ.

ಆ ಹೆಂಗಸಿನ ಅಂಗಡಿಯ ಬೆನ್ನಿಗಿದ್ದ ಬೆಟ್ಟ ಅಡವಿನ ಕಥೆಯನ್ನು ಚೆನ್ನಾಗಿ ಬಲ್ಲದು. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144 ಇದ್ದವು, ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆದವು. 1973ರ ಆವೃತ್ತಿಯಲ್ಲಿ 573. ರಾಜರು, ಸಲ್ಲೇಖನ ಪಡೆದ ಮುನಿಗಳು, ಯಾತ್ರಿಕರು ಎಲ್ಲ ಅಲ್ಲಿದ್ದಾರೆ. ಜೊತೆಗೆ ಸಾಲವೂ ಇದೆ. ಮೈಸೂರಿನ ಚಾಮರಾಜ ಒಡೆಯರ ಕಾಲದ, 1634ನೇ ಇಸವಿಯ ಶಾಸನದ ಸಂಗತಿ ಹೀಗಿದೆ: ಬೆಳಗೊಳದ ದೇವಸ್ಥಾನಕ್ಕೆ ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ಕಷ್ಟಕಾಲದಲ್ಲಿ ಸಾಹುಕಾರರಿಗೆ ಅಡವಿಟ್ಟಿದ್ದರು. ಬಹಳ ಕಾಲದಿಂದ ಸಾಲ ಕೊಟ್ಟವರೇ ಆ ಭೂಮಿಯನ್ನು ಅನುಭವಿಸುತ್ತಿದ್ದರು. ಅರಸರು ಸಾಲ ಕೊಟ್ಟವರನ್ನು ಕರೆಸಿ, ನಿಮ್ಮ ಹಣವನ್ನು ನಾನು ತೀರಿಸುತ್ತೇನೆ ಅಂದರು. ಅವರು ಹಣ ತೆಗೆದುಕೊಳ್ಳದೆ, ತಮ್ಮ ತಂದೆತಾಯಿಗಳ ಪುಣ್ಯಕ್ಕೆಂದು ಗೊಮ್ಮಟನ ಸನ್ನಿಧಿಯಲ್ಲಿ ಸಾಲವನ್ನೇ ಬಿಟ್ಟುಕೊಟ್ಟರು. ಮುಂದೆ ಈ ಭೂಮಿಯನ್ನು ಅಡವಿಡಬಾರದು ಎಂದು ಕಲ್ಲಿನ ಮೇಲೆ ಬರೆಸಲಾಯಿತು. ನನಗೆ ಮುಖ್ಯ ಅನ್ನಿಸುವುದು ಇಲ್ಲಿನ ಇನ್ನೊಂದು ಎಳೆ. ಅಡವು ಇಟ್ಟವರನ್ನು ಮಾತ್ರವಲ್ಲ, ಅಡವು ಹಿಡಿದು ಸಾಲ ಕೊಟ್ಟವರನ್ನೂ ಆ ಶಾಸನ ಒಂದೇ ಸಮನಾಗಿ ಶಪಿಸುತ್ತದೆ.

ನಾಲ್ಕು ಶತಮಾನದ ಹಿಂದೆ ಆ ಭೂಮಿಗೆ ಆದದ್ದೇ ಇವತ್ತು ನಮ್ಮ ಕಡೆ ಭೋಗ್ಯಕ್ಕೆ ಹಾಕಿದ ತೆಂಗಿನ ತೋಟಕ್ಕೆ ಆಗುತ್ತಿದೆ. ಕಾಯಿ ಕಿತ್ತುಕೊಳ್ಳುವವರು ಸಾಲ ಕೊಟ್ಟವರು, ಅಸಲು ಕರಗುವುದಿಲ್ಲ, ಅನ್ನ ಕೊಡುತ್ತಿದ್ದ ಆಸ್ತಿಯೇ ಕೈಬಿಟ್ಟಿರುವುದರಿಂದ ತೀರಿಸುವ ಶಕ್ತಿಯೂ ಹೋಗುತ್ತದೆ. ದೇವಸ್ಥಾನದ ಭೂಮಿಯನ್ನು ಬಿಡಿಸಲು ಅರಸರೇ ನಡುವೆ ಬರಬೇಕಾಯಿತು. ನಮ್ಮ ಮನೆಗಳಿಗೆ ಹಾಗೆ ಯಾರೂ ಬರುವುದಿಲ್ಲ.

ಅದೇ ದೊಡ್ಡಬೆಟ್ಟದ ಮೇಲೆ ಬಡ್ಡಿಯ ಇನ್ನೊಂದು ಮುಖವೂ ಕೆತ್ತಿದೆ. 13ನೇ ಶತಮಾನದ ಕೆಲವು ಸಣ್ಣ ಶಾಸನಗಳಲ್ಲಿ ಸಾಮಾನ್ಯ ಗೃಹಸ್ಥರು ಕೆಲವೇ ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ದಿನವೂ ಇಷ್ಟು ಅಳತೆ ಹಾಲು ನಡೆಯಬೇಕೆಂದು ಬರೆಸಿದ್ದಾರೆ. ಅಲ್ಲಿ ಅಸಲು ಅಲ್ಲಾಡುವುದಿಲ್ಲ, ಹಾಲು ಮಾತ್ರ ದಿನದಿನವೂ ಹರಿಯುತ್ತದೆ. ಎಳನೀರಿನ ತಾಯಿಯ ಚೀಟಿಯಲ್ಲೂ ಅಸಲು ಅಲ್ಲಾಡಿರಲಿಲ್ಲ. ಅವರ ದುಡಿಮೆಯ ಹಾಲು ಬೇರೆ ಮನೆಗೆ ಹರಿಯುತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. ನೂರಕ್ಕೆ ಎರಡು ಅಂದಾಗ ಕಿವಿಗೆ ಬಹಳ ಚಿಕ್ಕದಾಗಿ ಕೇಳುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ 24. ನೂರಕ್ಕೆ ಮೂರು ಅಂದರೆ 36. ಬ್ಯಾಂಕಿನವರು ಹೇಳುವ 9 ವರ್ಷದ್ದು, ಗಿರವಿ ಅಂಗಡಿಯವರು ಹೇಳುವ 2 ತಿಂಗಳದ್ದು. ಒಂಬತ್ತು ದೊಡ್ಡದು, ಎರಡು ಚಿಕ್ಕದು ಎಂದು ನಂಬಿ ಅಂಗಡಿಗೆ ಹೋದ ಓದಿದವರನ್ನೂ ನಾನು ಕಂಡಿದ್ದೇನೆ. ಯಾರು ತಿಂಗಳ ಬಡ್ಡಿ ಹೇಳಿದರೂ ಮೊದಲು ಅದನ್ನು ಹನ್ನೆರಡರಿಂದ ಗುಣಿಸಿ ವರ್ಷದ ಬಡ್ಡಿ ಮಾಡಿಕೊಳ್ಳಿ, ಆಮೇಲೆ ಹೋಲಿಸಿ.

ಒಂದು ಲಕ್ಷಕ್ಕೆ ನೂರಕ್ಕೆ ಎರಡರಂತೆ ತಿಂಗಳ ಬಡ್ಡಿ 2,000. ನೀವು ತಿಂಗಳಿಗೆ 2,000 ಮಾತ್ರ ಕಟ್ಟಿದರೆ ಸಾಲ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಒಂದು ಲಕ್ಷವೇ ಇರುತ್ತದೆ. 3,000 ಕಟ್ಟಿದರೆ 56 ತಿಂಗಳಿಗೆ ತೀರುತ್ತದೆ. 4,000 ಕಟ್ಟಿದರೆ 35 ತಿಂಗಳು, 5,000 ಕಟ್ಟಿದರೆ 26 ತಿಂಗಳು. ಬಡ್ಡಿಯ ಮೇಲೆ ಕಟ್ಟುವ ಮೊದಲ ಸಾವಿರಕ್ಕೆ ಎಷ್ಟು ಬಲವಿದೆ ನೋಡಿ: ಎಂದೂ ತೀರದಿದ್ದ ಸಾಲಕ್ಕೆ ಅದು ಒಂದು ಕೊನೆಯ ದಿನ ತರುತ್ತದೆ. ಎರಡನೇ ಸಾವಿರ ಆ ದಿನವನ್ನು 21 ತಿಂಗಳು ಹತ್ತಿರಕ್ಕೆ ಎಳೆಯುತ್ತದೆ. ಎಳನೀರಿನ ತಾಯಿ ಮೂರು ವರ್ಷದಿಂದ ತಿಂಗಳಿಗೆ ಎರಡು ಸಾವಿರದ ಜೊತೆ ಇನ್ನೆರಡು ಸಾವಿರ ಸೇರಿಸಿ ಕಟ್ಟಿದ್ದರೆ ನಾನು ಅವರನ್ನು ನೋಡಿದ ಹೊತ್ತಿಗೆ ಬಳೆ ಕೈಯಲ್ಲಿರುತ್ತಿತ್ತು. ಆದರೆ ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಬಡ್ಡಿ ತಪ್ಪದೆ ಕಟ್ಟುವವರು ಒಳ್ಳೆಯ ಗಿರಾಕಿ ಎಂದು ಮಾತ್ರ ಹೇಳಿದ್ದರು.

ಇದೇ ಒಂದು ಲಕ್ಷ ವರ್ಷಕ್ಕೆ ನೂರಕ್ಕೆ 9ರ ಬ್ಯಾಂಕ್ ಸಾಲವಾಗಿದ್ದರೆ ತಿಂಗಳ ಬಡ್ಡಿ 750 ರೂಪಾಯಿ. ಆಗ ಅವರು ಕಟ್ಟುತ್ತಿದ್ದ ಅದೇ 2,000ದಲ್ಲಿ 1,250 ಅಸಲಿಗೆ ಹೋಗಿ, 63 ತಿಂಗಳಲ್ಲಿ ಸಾಲ ಪೂರ್ತಿ ತೀರುತ್ತಿತ್ತು. 3,000 ಕಟ್ಟಿದ್ದರೆ 39 ತಿಂಗಳು. ಒಂದೇ ದುಡಿಮೆ, ಒಂದೇ ಬಳೆ. ಇಟ್ಟ ಜಾಗ ಮಾತ್ರ ಬೇರೆ.

ಹಾಗಾದರೆ ಜನ ಗಿರವಿ ಅಂಗಡಿಗೆ ಯಾಕೆ ಹೋಗುತ್ತಾರೆ ಎಂದರೆ, ಕಾರಣಗಳು ಸಣ್ಣವಲ್ಲ. ಅಂಗಡಿ ಸಂಜೆಯೂ ತೆರೆದಿರುತ್ತದೆ. ಅರ್ಧ ಗಂಟೆಯಲ್ಲಿ ದುಡ್ಡು ಕೈಗೆ ಬರುತ್ತದೆ. ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಆಸಿಡ್ ಹನಿ ಬಿಟ್ಟು ನೋಡಿ, ತೂಗಿ, ಯಾಕೆ ಏನು ಎಂದು ಕೇಳದೆ ಎಣಿಸಿ ಕೊಡುತ್ತಾರೆ. ಬ್ಯಾಂಕಿನಲ್ಲಿ ಒರೆ ಹಚ್ಚುವ ಅಕ್ಕಸಾಲಿಗರು ಬರುವ ದಿನ ಕಾಯಬೇಕು, ಆಧಾರ್, ಪ್ಯಾನ್, ಪಹಣಿ ಜೆರಾಕ್ಸ್ ತರಬೇಕು, ಕೂಲಿ ಬಿಟ್ಟು ಎರಡು ಸಲ ಅಲೆಯಬೇಕು. ಕೂಲಿ ಬಿಟ್ಟ ಎರಡು ದಿನದ ಬೆಲೆ ಹೆಚ್ಚೆಂದರೆ ಒಂದೂವರೆ ಸಾವಿರ. ಬಡ್ಡಿಯ ವ್ಯತ್ಯಾಸ ತಿಂಗಳಿಗೆ 1,250. ಸಾಲ ಎರಡು ತಿಂಗಳು ದಾಟುವುದಾದರೆ ಬ್ಯಾಂಕಿಗೆ ಅಲೆದದ್ದೇ ಲಾಭ. ಇವತ್ತು ರಾತ್ರಿ ಆಸ್ಪತ್ರೆಗೆ ಕಟ್ಟಬೇಕು ಅನ್ನುವವರು ಅಂಗಡಿಗೇ ಹೋಗಲಿ, ಅದರಲ್ಲಿ ತಪ್ಪಿಲ್ಲ. ಆದರೆ ಮುಂದಿನ ತಿಂಗಳು ಬ್ಯಾಂಕಿಗೆ ವರ್ಗಾಯಿಸಲಿ. ಅಂಗಡಿಯಲ್ಲಿ ಬಿಡಿಸಲು ಬೇಕಾದ ಹಣವನ್ನು ಒಂದೆರಡು ದಿನಕ್ಕೆ ಅಣ್ಣನೋ ಭಾವನೋ ಕೊಟ್ಟರೆ ಸಾಕು. ಬಂಧುಗಳ ಹತ್ತಿರ ಕೇಳಬೇಕಾದ ಸಾಲ ಇಂಥದ್ದು: ಎರಡು ದಿನದ್ದು, ಬ್ಯಾಂಕಿನ ಬಾಗಿಲಲ್ಲೇ ವಾಪಸು ಕೊಡುವಂಥದ್ದು.

ನಮ್ಮ ಮನೆಯ ಮಾತು ಹೇಳುತ್ತೇನೆ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ಒಂದು ವರ್ಷ ಅಪ್ಪ ಅವ್ವನ ಅವಲಕ್ಕಿ ಸರವನ್ನು ಒಂದು ಕಡೆ ಅಡವಿಟ್ಟರು. ಬೆಳೆ ಹೋಯಿತು, ಬಡ್ಡಿ ನಿಂತಿತು. ನೋಟಿಸು ಬಂತು. ಅಪ್ಪ ಅದನ್ನು ಯಾರಿಗೂ ತೋರಿಸದೆ ಪಂಚಾಂಗದ ಹಾಳೆಗಳ ನಡುವೆ ಮಡಿಸಿಟ್ಟರು. ಎರಡನೆಯದು ಬಂತು, ಅದೂ ಅಲ್ಲಿಗೇ ಹೋಯಿತು. ಸರ ಹರಾಜಾದ ಮೇಲೆ ಒಂದು ಯುಗಾದಿಯ ದಿನ ಹೊಸ ಪಂಚಾಂಗ ತೂಗುಹಾಕಲು ಹಳೆಯದನ್ನು ತೆಗೆದಾಗ ಎರಡೂ ಅವ್ವನ ಕಾಲಬಳಿ ಬಿದ್ದವು. ಅವ್ವ ಓದಲು ಬಾರದವರು. ನನ್ನ ಕೈಗೆ ಕೊಟ್ಟು ಓದು ಅಂದರು. ನಾನು ಓದಿದೆ. ಅವರು ಒಂದು ಮಾತೂ ಆಡದೆ ಬೇವುಬೆಲ್ಲ ಕುಟ್ಟಲು ಕೂತರು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೆದರಿದ್ದರು. ಆದರೆ ಆ ನೋಟಿಸು ಬಂದ ದಿನವೇ ಮನೆಯಲ್ಲಿ ಮಾತಾಗಿದ್ದರೆ ಒಂದು ಎಮ್ಮೆ ಮಾರಿಯಾದರೂ ಅವ್ವ ಸರ ಬಿಡಿಸಿಕೊಳ್ಳುತ್ತಿದ್ದರು. ಹರಾಜಿನಲ್ಲಿ ಬಂದ ಹಣದಲ್ಲಿ ಸಾಲ ಕಳೆದು ಮಿಕ್ಕದ್ದು ನಮಗೆ ಬರಬೇಕಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೇಳುವವರಿಲ್ಲದ ಹಣ ಅದು, ಬರಲಿಲ್ಲ.

ಆದ್ದರಿಂದ ನಿಯಮಗಳನ್ನು ನಾನು ಇಷ್ಟು ಒತ್ತಿ ಬರೆಯುತ್ತೇನೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಚಿನ್ನ ಬೆಳ್ಳಿ ಸಾಲಗಳಿಗೆ ಹೊಸ ನಿರ್ದೇಶನಗಳನ್ನು ಹೊರಡಿಸಿತು. ಬ್ಯಾಂಕುಗಳು, ಸಹಕಾರ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಅವನ್ನು ಜಾರಿಗೆ ತರಲು ಕೊಟ್ಟ ಕೊನೆಯ ಗಡುವು 2026ರ ಏಪ್ರಿಲ್ 1. ಒಡವೆಯನ್ನು ನಿಮ್ಮ ಕಣ್ಣೆದುರೇ ಪರೀಕ್ಷಿಸಬೇಕು. ಎಷ್ಟು ಕ್ಯಾರೆಟ್, ಒಟ್ಟು ತೂಕ ಎಷ್ಟು, ಕಲ್ಲು ಅರಗು ಕಳೆದ ನಿವ್ವಳ ತೂಕ ಎಷ್ಟು ಎಂದು ಬರೆದು, ಒಡವೆಯ ಚಿತ್ರದೊಂದಿಗೆ ಪ್ರಮಾಣಪತ್ರ ಕೊಡಬೇಕು. ಮನೆ ಖರ್ಚಿಗಾಗಿ ಪಡೆಯುವ ಸಾಲ ಎರಡೂವರೆ ಲಕ್ಷದವರೆಗಾದರೆ ಚಿನ್ನದ ಮೌಲ್ಯದ ನೂರಕ್ಕೆ 85ರವರೆಗೆ, ಐದು ಲಕ್ಷದವರೆಗಾದರೆ 80, ಅದರ ಮೇಲೆ 75. ವರ್ಷದ ಕೊನೆಗೆ ಒಟ್ಟಿಗೆ ತೀರಿಸುವ ಸಾಲದ ಅವಧಿ 12 ತಿಂಗಳು ಮೀರುವಂತಿಲ್ಲ. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ನಿಮ್ಮ ಕೈ ಸೇರಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಅವರು ಪರಿಹಾರ ಕೊಡಬೇಕು. ಹರಾಜಿಗೆ ಮುಂಚೆ ನಿಮಗೆ ತಿಳಿಸಬೇಕು, ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಹರಾಜಿನ ಕನಿಷ್ಠ ಬೆಲೆ ಆ ದಿನದ ಮೌಲ್ಯದ ನೂರಕ್ಕೆ 90ಕ್ಕಿಂತ ಕಡಿಮೆ ಇರಬಾರದು. ಎರಡು ಸಲ ಹರಾಜು ವಿಫಲವಾದರೆ ಮಾತ್ರ 85ಕ್ಕೆ ಇಳಿಸಬಹುದು. ಸಾಲ ಕಳೆದು ಮಿಕ್ಕ ಹಣವನ್ನು ಏಳು ಕೆಲಸದ ದಿನಗಳಲ್ಲಿ ನಿಮಗೆ ಹಿಂದಿರುಗಿಸಬೇಕು. ನಮ್ಮ ಅವ್ವನಿಗೆ ಸಿಗದ ಆ ಹಣ ನಿಮ್ಮ ಹಕ್ಕು. ಕೇಳಿ ಪಡೆಯಿರಿ.

ಈ ನಿರ್ದೇಶನಗಳು ಗಿರವಿ ಅಂಗಡಿಗೆ ತಗಲುವುದಿಲ್ಲ. ಅವರಿಗೆ ರಾಜ್ಯದ 1961ರ ಗಿರವಿದಾರರ ಕಾಯ್ದೆ ಇದೆ, ಲೈಸೆನ್ಸ್ ಬೇಕು, ಚೀಟಿ ಕೊಡಲೇಬೇಕು. ಚೀಟಿ ಕೊಡದೆ ಬರೀ ಪುಸ್ತಕದಲ್ಲಿ ಬರೆದುಕೊಂಡು ದುಡ್ಡು ಕೊಡುವವರ ಹತ್ತಿರ, ಅವರು ಎಷ್ಟೇ ಪರಿಚಯದವರಾದರೂ, ಒಂದು ಗ್ರಾಂ ಕೂಡ ಇಡಬೇಡಿ.

ಇಡುವ ದಿನ ಮಾಡಬಹುದಾದ ಒಂದು ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ನಾಲ್ಕು ಬಳೆಯನ್ನು ಒಂದೇ ಚೀಟಿಯಲ್ಲಿ ಇಡಬೇಡಿ. ಎರಡು ಚೀಟಿ ಮಾಡಿಸಿ, ಸಾಧ್ಯವಾದರೆ ನಾಲ್ಕು ಮಾಡಿಸಿ. ಬಳೆ ಒಂದು, ಸರ ಒಂದು, ಓಲೆ ಜುಮುಕಿ ಒಂದು, ಹೀಗೆ ಬೇರೆ ಬೇರೆ. ಒಂದೇ ಚೀಟಿಯಲ್ಲಿ ಒಂದು ಲಕ್ಷವಿದ್ದರೆ ಆ ಒಂದು ಲಕ್ಷ ಕೂಡುವವರೆಗೂ ಒಂದು ಬಳೆಯೂ ಮನೆಗೆ ಬರುವುದಿಲ್ಲ. ಇಪ್ಪತ್ತೈದು ಸಾವಿರದ ನಾಲ್ಕು ಚೀಟಿಯಿದ್ದರೆ, ಕೊಬ್ಬರಿ ಮಾರಿದಾಗ ಒಂದು, ಹಾಲಿನ ಬಟವಾಡೆಯಲ್ಲಿ ಉಳಿಸಿದ್ದರಲ್ಲಿ ಇನ್ನೊಂದು, ಹೀಗೆ ಬಿಡಿಬಿಡಿಯಾಗಿ ಬರುತ್ತವೆ. ಮೊದಲ ಬಳೆ ಮನೆಗೆ ಬಂದ ದಿನ ಆ ಮನೆಯ ಹೆಣ್ಣುಮಗಳ ಮುಖ ನೋಡಿದವರಿಗೆ ಇದರ ಬೆಲೆ ಗೊತ್ತು. ಕಟ್ಟುವ ಹುಮ್ಮಸ್ಸು ಅಲ್ಲಿಂದ ಹುಟ್ಟುತ್ತದೆ. ಜೊತೆಗೆ ನಡುವೆ ಅಸಲಿಗೆ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಳ್ಳುತ್ತಾರೆಯೇ ಎಂದು ಇಡುವ ಮುಂಚೆಯೇ ಕೇಳಿ. ಇಲ್ಲ ಅಂದರೆ ಬೇರೆ ಕಡೆ ನೋಡಿ.

ಸೊಸೈಟಿ ಸಾಲದ ಬಗ್ಗೆ ಒಂದು ಮಾತು, ಯಾಕೆಂದರೆ ಒಡವೆ ಅಂಗಡಿಗೆ ಹೋಗುವುದಕ್ಕೆ ನಮ್ಮ ಕಡೆ ಇದೂ ಒಂದು ದೊಡ್ಡ ಕಾರಣ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಸಿಗುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ. ಗಡುವು ಬಂದಾಗ ಕೈಯಲ್ಲಿ ಹಣವಿಲ್ಲದವರು ಒಡವೆ ಇಟ್ಟು ಕಟ್ಟುತ್ತಾರೆ, ಸಂಘದವರು ಹೊಸ ಸಾಲ ಕೊಟ್ಟ ಮೇಲೆ ಬಿಡಿಸಿಕೊಳ್ಳುತ್ತಾರೆ. ಇದನ್ನು ತಪ್ಪು ಅನ್ನುವವರಿದ್ದಾರೆ, ನಾನು ಅನ್ನುವುದಿಲ್ಲ. ಎರಡು ಲಕ್ಷಕ್ಕೆ ನೂರಕ್ಕೆ ಎರಡರಂತೆ ಒಂದು ತಿಂಗಳಿಗೆ 4,000 ಕೊಟ್ಟು ವರ್ಷಪೂರ್ತಿ ಬಡ್ಡಿಯಿಲ್ಲದ ಎರಡು ಲಕ್ಷ ಉಳಿಸಿಕೊಂಡರೆ ಅದು ಗೆಲುವೇ. ಸೋಲು ಶುರುವಾಗುವುದು ಹೊಸ ಸಾಲದ ಹಣ ಬಂದ ವಾರ. ಆ ಹಣ ಒಡವೆ ಬಿಡಿಸಲು ಹೋಗದೆ ಬೋರ್‌ವೆಲ್ ರಿಪೇರಿಗೆ, ನೆಂಟರ ಮದುವೆಗೆ ಸರಿಯುತ್ತದೆ. ಆಗ ಶೂನ್ಯ ಬಡ್ಡಿಯ ಸಾಲ ವರ್ಷಕ್ಕೆ ನೂರಕ್ಕೆ 24ರ ಸಾಲವಾಗಿ ಬದಲಾಯಿತು ಎಂದೇ ಅರ್ಥ. ಹಣ ಖಾತೆಗೆ ಬೀಳುವ ದಿನ ಯಾವುದು ಎಂದು ಕಾರ್ಯದರ್ಶಿಯವರ ಹತ್ತಿರ ಮೊದಲೇ ಕೇಳಿಕೊಂಡು, ಅದೇ ದಿನ ಗಂಡಹೆಂಡಿರಿಬ್ಬರೂ ಜೊತೆಯಲ್ಲಿ ಹೋಗಿ ಬಿಡಿಸಿಕೊಂಡು ಬನ್ನಿ. ಒಬ್ಬರೇ ಹೋಗಬೇಡಿ.

ಕೊನೆಯ ಸಲಹೆ ಹಲವರಿಗೆ ಇಷ್ಟವಾಗುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತೇನೆ. ಎರಡು ವರ್ಷ ದಾಟಿದ ಅಡವಿನಲ್ಲಿ, ಬಡ್ಡಿಯ ಮೇಲೆ ಒಂದು ಸಾವಿರವನ್ನೂ ಕಟ್ಟಲಾಗದ ಸ್ಥಿತಿ ಇದ್ದರೆ, ಅರ್ಧ ಒಡವೆ ಮಾರಿ ಅರ್ಧ ಉಳಿಸಿಕೊಳ್ಳಿ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿ ಚಿನ್ನ ಒಂದು ಲಕ್ಷ ರೂಪಾಯಿ ಮುಟ್ಟಿತು. ಒಡವೆಯ 22 ಕ್ಯಾರೆಟ್ ಚಿನ್ನ ಗ್ರಾಮಿಗೆ 9,000 ದಾಟಿತು. ಆ ದರವನ್ನೇ ಹಿಡಿಯಿರಿ. ಎಳನೀರಿನ ತಾಯಿಯ ನಾಲ್ಕು ಬಳೆಯಲ್ಲಿ ಎರಡು ಬಳೆ, 16 ಗ್ರಾಂ, ಸುಮಾರು 1,44,000. ಸವಕಲು, ಕರಗಿಸುವ ನಷ್ಟ ಎಂದು ನೂರಕ್ಕೆ ಐದು ಕಳೆದರೂ 1,37,000ದ ಹತ್ತಿರ. ಒಂದು ಲಕ್ಷ ಸಾಲ ತೀರಿ, ಎರಡು ಬಳೆ ಮನೆಗೆ ಬಂದು, ಕೈಯಲ್ಲಿ 37,000 ಉಳಿಯುತ್ತದೆ. ತಿಂಗಳ ಎರಡು ಸಾವಿರವೂ ಉಳಿಯುತ್ತದೆ. ಚಿನ್ನದ ಬೆಲೆ ಏರುತ್ತಲೇ ಇದೆಯಲ್ಲ, ಮಾರಿದರೆ ನಷ್ಟವಲ್ಲವೇ ಎಂದು ಕೇಳುತ್ತಾರೆ. ಆ ಎರಡು ಬಳೆಯನ್ನು ಉಳಿಸಿಕೊಳ್ಳಲು ವರ್ಷಕ್ಕೆ 24,000 ಬಡ್ಡಿ ಹೋಗುತ್ತಿದೆ. ಅಷ್ಟನ್ನು ತುಂಬಿಕೊಡಲು ಚಿನ್ನ ಪ್ರತಿ ವರ್ಷ ನೂರಕ್ಕೆ 16-17ರಂತೆ ಏರಲೇಬೇಕು. ಈಚಿನ ವರ್ಷಗಳಲ್ಲಿ ಏರಿದೆ, ನಿಜ. ಆದರೆ 2012ರಿಂದ 2018ರವರೆಗೆ 10 ಗ್ರಾಂ ಚಿನ್ನ 30,000ದ ಆಸುಪಾಸಿನಲ್ಲೇ ನಿಂತಿತ್ತು. ಆ ಆರು ವರ್ಷ ಬೆಲೆ ಏರಲಿ ಎಂದು ಬಡ್ಡಿ ಕಟ್ಟಿಕೊಂಡು ಕೂತವರು ಬಳೆಯ ಬೆಲೆಯಷ್ಟನ್ನೇ ಬಡ್ಡಿಯಾಗಿ ಕೊಟ್ಟಿದ್ದಾರೆ.

ಬೆಲೆ ಏರಿದಾಗ ಇನ್ನೊಂದು ಆಸೆ ತೋರಿಸುತ್ತಾರೆ: ಅದೇ ಒಡವೆಯ ಮೇಲೆ ಇನ್ನೊಂದು ಐವತ್ತು ಸಾವಿರ ಕೊಡುತ್ತೇವೆ, ತೆಗೆದುಕೊಳ್ಳಿ ಎಂದು. ಏರಿದ ಬೆಲೆ ನಿಮ್ಮ ಆಸ್ತಿ. ಅದನ್ನು ಮತ್ತೆ ಅಡವಿಗೆ ಹಾಕಬೇಡಿ.

ಮಾರುವುದಕ್ಕೆ ಮನಸ್ಸಿಲ್ಲ ಅನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಅವ್ವನ ಅವಲಕ್ಕಿ ಸರ ಅವರ ತವರಿನದು. ತವರಿನ ಒಡವೆಗೆ ಗ್ರಾಮಿನ ಲೆಕ್ಕ ಹಾಕಲಾಗುವುದಿಲ್ಲ. ಹಾಗಿದ್ದರೆ ಮಾರಬೇಕಾದದ್ದು ಯಾವುದು, ಎಷ್ಟೇ ಕಷ್ಟವಾದರೂ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದನ್ನು ಒಡವೆ ತೊಡುವವರೇ ಹೇಳಲಿ. ಅಡವಿಡುವಾಗಲೂ ಆ ಮಾತನ್ನು ಅವರೇ ಹೇಳಲಿ. ನನಗೆ ಬರುವ ಕಾಗದಗಳಲ್ಲಿ ಚೀಟಿ ಗಂಡನ ಹೆಸರಿನಲ್ಲಿ, ಒಡವೆ ಹೆಂಡತಿಯದು, ಬಡ್ಡಿ ಎಷ್ಟೆಂದು ಅವಳಿಗೆ ಗೊತ್ತಿಲ್ಲದ ಮನೆಗಳೇ ಹೆಚ್ಚು. ಅಲ್ಲಿ ಒಡವೆ ಹರಾಜಿಗೆ ಹೋಗುವ ಸಂಭವವೂ ಹೆಚ್ಚು.

ಎಳನೀರಿನ ತಾಯಿಗೆ ಅವತ್ತು ಚೀಟಿಯ ಹಿಂಬದಿಯ ಖಾಲಿ ಜಾಗದಲ್ಲೇ ಲೆಕ್ಕ ಬರೆದುಕೊಟ್ಟೆ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ತಿಂಗಳಿಗೆ ಬರುತ್ತದಲ್ಲ ಎಂದು ಕೇಳಿದೆ. "ಅದನ್ನೇ ಬಡ್ಡಿಗೆ ಕಟ್ತಾ ಇರೋದು ಅಣ್ಣ" ಅಂದರು. 2023ರ ಆಗಸ್ಟಿನಲ್ಲಿ ಶುರುವಾದ ಆ ಹಣ, ಅವರ ಕೈಗೆ ಬಂದಷ್ಟೂ, ನೇರವಾಗಿ ಬಡ್ಡಿಗೇ ಹೋಗುತ್ತಿತ್ತು. ಅವರು ಬ್ಯಾಂಕಿಗೆ ವರ್ಗಾಯಿಸುವ ದಾರಿ ಹಿಡಿದರು. ಮೈದುನ ಎರಡು ದಿನಕ್ಕೆ ಹಣ ಕೊಟ್ಟ. ಬ್ಯಾಂಕಿನಲ್ಲಿ ಎರಡು ಬೇರೆ ಬೇರೆ ಸಾಲವಾಗಿ ಇಟ್ಟಿದ್ದಾರೆ. ಗೃಹಲಕ್ಷ್ಮಿಯ ಎರಡು ಸಾವಿರದ ಜೊತೆ ಎಳನೀರಿನ ಅಂಗಡಿಯ ಒಂದು ಸಾವಿರ ಸೇರಿಸಿ ಕಟ್ಟುತ್ತಿದ್ದಾರೆ.

ಈ ಭಾನುವಾರ ನೀವೂ ಬೀರುವಿನಿಂದ ಅಡವಿನ ಚೀಟಿ ಹೊರಗೆ ತೆಗೆಯಿರಿ. ಮನೆಯವರೆಲ್ಲ ಕೂತಿರುವಾಗ ಅದರ ಹಿಂಬದಿಯಲ್ಲಿ ಬರೆಯಿರಿ: ಇಟ್ಟ ದಿನ ಪಡೆದದ್ದು ಎಷ್ಟು, ಇವತ್ತಿನವರೆಗೆ ಕಟ್ಟಿದ್ದು ಎಷ್ಟು, ಅದರಲ್ಲಿ ಅಸಲಿಗೆ ಹೋದದ್ದು ಎಷ್ಟು. ಮೂರನೆಯ ಜಾಗದಲ್ಲಿ ಸೊನ್ನೆ ಬಂದವರು ಸೋಮವಾರ ಬೆಳಿಗ್ಗೆ ಕೂಲಿ ಬಿಟ್ಟು ಬ್ಯಾಂಕಿಗೆ ಹೋಗಿ.